ಹಳ್ಳಿಯಲ್ಲಿ ನಡೆಯುವ ಪಾಠಕ್ಕೆ ಮೇಷ್ಟ್ರ ಸಮಯ ಎಲ್ಲಿಂದ ಬರಬೇಕು?

ಕಾಲೇಜುಗಳ ಸಾಮಾಜಿಕ ಹೊಣೆಗಾರಿಕೆ ಮತ್ತು ಸಮುದಾಯದ ಜತೆಗಿನ ಒಡನಾಟದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಒಂದು ಚೌಕಟ್ಟು ಹೊರತಂದಿತು. ಅದರ ಪ್ರಕಾರ ಎರಡು ಕ್ರೆಡಿಟ್‌ನ ಒಂದು ಕೋರ್ಸ್, 30 ಗಂಟೆ, ಅದರಲ್ಲಿ ಕನಿಷ್ಠ ಅರ್ಧ ತರಗತಿಯ ಹೊರಗೆ, ಜನರ ನಡುವೆ. ಆ 15 ಗಂಟೆಯನ್ನು ಕಟ್ಟಬೇಕಾದವರು ವಾರಕ್ಕೆ 16 ಗಂಟೆ ಪಾಠ ಮಾಡುವ ಸಹಾಯಕ ಪ್ರಾಧ್ಯಾಪಕರು. ಪಿಡಿಒ ಭೇಟಿ, ಬಸ್ಸಿನ ಏರ್ಪಾಡು, ಪೋಷಕರ ಒಪ್ಪಿಗೆ ಪತ್ರ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳ ಜತೆ ಮಾತುಕತೆ ಇವನ್ನೆಲ್ಲ ವರ್ಕ್‌ಲೋಡ್ ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಹಾಗಾಗಿಯೇ ಬಹಳ ಕಡೆ ಈ ಕೋರ್ಸ್ ಒಂದು ದಿನದ ಸರ್ವೆ, ಒಂದು ಗ್ರೂಪ್ ಫೋಟೊ, ಒಂದು ವರದಿಗೆ ಮುಗಿದುಹೋಗುತ್ತದೆ.

ಅಮೆರಿಕದ ವಿಶ್ವವಿದ್ಯಾಲಯಗಳು ಇದೇ ತೊಡಕಿಗೆ ಅಧ್ಯಾಪಕ ಫೆಲೋಶಿಪ್‌ಗಳ ದಾರಿ ಹಿಡಿದವು. 1985ರಲ್ಲಿ ಬ್ರೌನ್, ಜಾರ್ಜ್‌ಟೌನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಮುಂದೆ ನಿಂತು ಕ್ಯಾಂಪಸ್ ಕಾಂಪ್ಯಾಕ್ಟ್ ಎಂಬ ಕಾಲೇಜುಗಳ ಒಕ್ಕೂಟ ಕಟ್ಟಿದಾಗ ಒತ್ತು ಇದ್ದದ್ದು ವಿದ್ಯಾರ್ಥಿಗಳ ಸ್ವಯಂಸೇವೆಯ ಮೇಲೆ. ಪಾಠದೊಳಗೆ ಸೇರದ ಸೇವೆ ಬ್ಯಾಚ್ ಹೊರಟೊಡನೆ ನಿಂತುಹೋಗುವಂಥದ್ದು; ಗಮನ ಕ್ರಮೇಣ ಅಧ್ಯಾಪಕರ ಕಡೆಗೂ ತಿರುಗಿತು. ಸಾಮಾನ್ಯ ರೂಪ ಹೀಗೆ: ಬೇರೆ ಬೇರೆ ವಿಭಾಗಗಳ ಕೆಲವರನ್ನು ಒಂದು ವರ್ಷಕ್ಕೆ ಆರಿಸುತ್ತಾರೆ; ಇವರೇ ಫೆಲೋಗಳು. ಅವರು ಆಗಾಗ ಸೇರಿ ಒಬ್ಬರ ಪಠ್ಯಯೋಜನೆಯನ್ನು ಇನ್ನೊಬ್ಬರು ತಿದ್ದುತ್ತಾರೆ. ಸಣ್ಣ ಮೊತ್ತದ ಹಣ ಸಿಗುತ್ತದೆ, ಇಲ್ಲವೇ ಒಂದು ಕೋರ್ಸ್‌ನ ಪಾಠದಿಂದ ಬಿಡುವು. ಕೊನೆಗೆ ಅವರು ಕೊಡಬೇಕಾದದ್ದು ಮುಂದಿನ ಸೆಮಿಸ್ಟರಿನಲ್ಲೇ ಪಾಠ ಮಾಡಬಹುದಾದ ಒಂದು ಕೋರ್ಸ್.

ಹಣಕ್ಕಿಂತ ಬಿಡುವು ದೊಡ್ಡದು. ನಮ್ಮ ಸ್ವಾಯತ್ತ ಕಾಲೇಜೊಂದು ಇದನ್ನು ಶುರುಮಾಡುವುದಾದರೆ, ಫೆಲೋಗೆ ವಾರಕ್ಕೆ ನಾಲ್ಕು ಗಂಟೆ ಬಿಡಿಸಿ, ಆ ಪಾಠಕ್ಕೆ ಅತಿಥಿ ಉಪನ್ಯಾಸಕರ ಗೌರವಧನವನ್ನು ಫೆಲೋಶಿಪ್ ಹಣದಿಂದಲೇ ಕೊಡುವುದು ಸರಿಯಾದ ದಾರಿ. ಮೊದಲ ಸೆಮಿಸ್ಟರ್ ಸಿದ್ಧತೆಗೆ, ಎರಡನೆಯದು ಪಾಠಕ್ಕೆ. ಅರ್ಜಿ ಎರಡು ಪುಟ ಸಾಕು: ಪಠ್ಯಕ್ರಮದ ಯಾವ ಪತ್ರಿಕೆ, ಅದರ ಯಾವ ಘಟಕ, ಯಾವ ಊರಿನ ಯಾರ ಜತೆ. ಪಂಚಾಯಿತಿಯಿಂದಲೋ ಸಂಜೀವಿನಿ ಒಕ್ಕೂಟದಿಂದಲೋ ‘ನಮಗೆ ಇದು ಬೇಕು’ ಎಂಬ ಪತ್ರ ಇಲ್ಲದಿದ್ದರೆ ಆ ಅರ್ಜಿಯನ್ನು ಪಕ್ಕಕ್ಕಿಡಬೇಕು. ಇದೊಂದರಲ್ಲಿ ರಿಯಾಯಿತಿ ಬೇಡ.

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆಯಲ್ಲ ಎನ್ನುವವರಿದ್ದಾರೆ. ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಶಿಬಿರ: ಅದರ ಬೆಲೆ ಅದಕ್ಕಿದೆ. ಆದರೆ ಅಲ್ಲಿ ರಸಾಯನಶಾಸ್ತ್ರದ ಹುಡುಗಿ ರಸಾಯನಶಾಸ್ತ್ರ ಕಲಿಯುವುದಿಲ್ಲ. ಇಲ್ಲಿ ಅವಳು ಕಲಿಯಬೇಕಾದದ್ದು ಅದನ್ನೇ.

ಉದಾಹರಣೆಗೆ, ತುಮಕೂರು ಜಿಲ್ಲೆಯ ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹಳೆಯ ಪಿಡುಗು. ಬಿ.ಎಸ್ಸಿ. ವಿಶ್ಲೇಷಣಾತ್ಮಕ ರಸಾಯನಶಾಸ್ತ್ರದ ಪ್ರಾಯೋಗಿಕ ಪಾಠವನ್ನು ಅಲ್ಲಿಗೇ ಒಯ್ಯಬಹುದು. ಪಂಪ್ ಚಾಲೂ ಮಾಡಿ, ಪೈಪಿನಲ್ಲಿ ನಿಂತ ನೀರೆಲ್ಲ ಹರಿದುಹೋಗುವವರೆಗೆ ಬಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ಮಾದರಿ ಹಿಡಿಯಬೇಕು. ಬಾಟಲಿ ಪಾಲಿಥಿನ್‌ನದ್ದಾಗಿರಲಿ, ಫ್ಲೋರೈಡ್ ಗಾಜಿನ ಜತೆ ಪ್ರತಿಕ್ರಿಯಿಸುತ್ತದೆ. ಬೋರ್‌ವೆಲ್ ಯಾವುದು, ದಿನಾಂಕ, ಹೊತ್ತು ಇವನ್ನು ಅಲ್ಲೇ ಬರೆಯಬೇಕು, ಬಸ್ಸಿನಲ್ಲಿ ಕೂತು ಅಲ್ಲ. ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇರುವ ಲ್ಯಾಬ್‌ಗೆ, ಸ್ಪ್ಯಾಡ್ನ್ಸ್ ಎಂಬ ಬಣ್ಣ ಬಳಸುವ ವಿಧಾನ ಸಾಕು. 570 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತಾರೆ. ಎಡವುವುದು ಇಲ್ಲೇ. ಬ್ಲೀಚಿಂಗ್ ಪೌಡರ್ ಹಾಕಿದ ಓವರ್‌ಹೆಡ್ ಟ್ಯಾಂಕಿನ ನೀರು ತಂದರೆ ಉಳಿದ ಕ್ಲೋರಿನ್ ಬಣ್ಣವನ್ನು ಮಾಸಿಸುತ್ತದೆ. ಈ ವಿಧಾನದಲ್ಲಿ ಬಣ್ಣ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು ಎಂದೇ ಲೆಕ್ಕ. ಇಲ್ಲದ ಫ್ಲೋರೈಡ್ ಹಾಳೆಯ ಮೇಲೆ ಬಂದು ಊರೆಲ್ಲ ಗಾಬರಿಯಾಗುತ್ತದೆ. ಕ್ಲೋರಿನ್ ತೆಗೆದು ಅಳೆಯಬೇಕು, ಇಲ್ಲವೇ ಬೋರ್‌ವೆಲ್ ಬಾಯಿಯಲ್ಲೇ ಮಾದರಿ ಹಿಡಿಯಬೇಕು.

ಭಾರತೀಯ ಮಾನದಂಡದಲ್ಲಿ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5. ಇದಕ್ಕಿಂತ ಹೆಚ್ಚು ಬಂದರೆ ಮುಂದೇನು ಎಂಬುದು ಮಾದರಿ ಹಿಡಿಯುವ ಮೊದಲೇ ತೀರ್ಮಾನವಾಗಿರಬೇಕು. ಯಾರಿಗೆ ಮೊದಲು ಹೇಳುವುದು, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬ್‌ನಲ್ಲಿ ಮರುಪರೀಕ್ಷೆ ಮಾಡಿಸುವವರು ಯಾರು, ಗ್ರಾಮಸಭೆಯಲ್ಲಿ ಓದುವವರು ಯಾರು ಎಂಬುದನ್ನೆಲ್ಲ ಪಂಚಾಯಿತಿ ಜತೆ ಒಂದು ಪುಟದಲ್ಲಿ ಬರೆದಿಡಿ. ವರದಿ ಕನ್ನಡದಲ್ಲಿರಲಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ ಎಂಬ ಸಾಲು ಅದರಲ್ಲಿ ಇರಲೇಬೇಕು.

ಫೆಲೋಶಿಪ್ ಹಣದ ಕನಿಷ್ಠ ಮೂರನೇ ಒಂದು ಪಾಲು ಊರಿನ ಕಡೆಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಊಟ ಸ್ವಸಹಾಯ ಸಂಘದವರಿಂದಲೇ ಆಗಲಿ, ಅದಕ್ಕೆ ದುಡ್ಡು ಕೊಡಲಿ. ಬೋರ್‌ವೆಲ್‌ಗಳನ್ನು ತೋರಿಸಲು ಅರ್ಧ ದಿನ ಕೊಡುವ ವಾಟರ್‌ಮನ್‌ಗೆ ಗೌರವಧನ ಕೊಡಲಿ. ಕೂಲಿ ಬಿಟ್ಟು ಬಂದವರಿಂದ ಬಿಟ್ಟಿಯಾಗಿ ಕಲಿಯುವುದು ಅನ್ಯಾಯ.

ತಾರೀಖು ಹಾಕುವಾಗ ಊರಿನ ಕ್ಯಾಲೆಂಡರ್ ನೋಡಿ. ರಾಗಿ ಕೊಯ್ಲಿನ ವಾರದಲ್ಲಿ ಮನೆಮನೆಗೆ ಹೋದರೆ ಸಿಗುವುದು ಬೀಗ. 60 ಮಂದಿ ಒಟ್ಟಿಗೆ ಇಳಿದರೆ ಊರವರು ದೂರ ಸರಿಯುತ್ತಾರೆ. ಐದಾರು ಮಂದಿಯ ಗುಂಪು, ಒಂದೇ ಓಣಿಗೆ ಮೂರು ಭೇಟಿ. ಆಶಾ ಕಾರ್ಯಕರ್ತೆಯ ಬಳಿ ಈಗಾಗಲೇ ಇರುವ ಮಾಹಿತಿಗೆ ಹೊಸ ಪ್ರಶ್ನಾವಳಿ ಬೇಡ.

ಅಂಕ ಕೊಡಬೇಕಾದದ್ದು ಹಾಜರಾತಿಗಲ್ಲ. ಪ್ರತಿ ಭೇಟಿಯ ನಂತರ, ನೆನಪು ಹಸಿಯಿರುವಾಗಲೇ, ವಿದ್ಯಾರ್ಥಿ ಒಂದು ಪುಟ ಬರೆಯಲಿ: ಕಂಡದ್ದೇನು, ಯಾವ ಪಾಠದ ಯಾವ ಮಾತು ಅಲ್ಲಿ ಹೊಂದಿತು, ಯಾವುದು ಹೊಂದಲಿಲ್ಲ. ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಕಲಿಕೆ ಕಾಣುತ್ತದೆ. ಆಂತರಿಕ ಮೌಲ್ಯಮಾಪನದ (ಐಎ) ಅಂಕದ ದೊಡ್ಡ ಭಾಗ ಅದಕ್ಕಿರಲಿ.

ಫೆಲೋ ವರ್ಗವಾಗಿ ಹೋಗಬಹುದು, ಪಿಡಿಒ ಕೂಡ. ಅದಕ್ಕೇ ವರ್ಷದ ಕೊನೆಯ ಕಂತು ಬಿಡುಗಡೆಗೆ ಒಂದು ಹಸ್ತಾಂತರ ಕಡತ ಕಡ್ಡಾಯವಾಗಬೇಕು: ಬೋರ್‌ವೆಲ್‌ಗಳ ನಕ್ಷೆ, ಈವರೆಗಿನ ಫಲಿತಾಂಶ, ಊರಿನಲ್ಲಿ ಯಾರನ್ನು ಮೊದಲು ಕಾಣಬೇಕು, ಮತ್ತು ಕಾಲೇಜು ಮಾತುಕೊಟ್ಟು ಇನ್ನೂ ಮಾಡದೆ ಉಳಿಸಿಕೊಂಡ ಕೆಲಸಗಳ ಪಟ್ಟಿ.