ಕಾಂಡ್ಲಾ ಲಾಗ್: ಮೂರು ಚಿತ್ರಕ್ಕೊಮ್ಮೆ ಬರುವ ಕಾಯಿಲೆ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಚೊರಾವ್ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಒಂದು ಉಪಗ್ರಹ ಚಿತ್ರದಲ್ಲಿ ಸೊರಗಿ, ಮುಂದಿನ ಚಿತ್ರದಲ್ಲಿ ಚೇತರಿಸಿಕೊಂಡು, ಮತ್ತೆ ಸೊರಗುತ್ತಿದ್ದವಲ್ಲ, ಅದಕ್ಕೂ ಎಲೆಗೂ ಸಂಬಂಧವೇ ಇರಲಿಲ್ಲ.

ಬೆಳಗಾವಿಯಲ್ಲಿ ಕೂತು ಕಾಂಡ್ಲಾ ಯಾಕೆ ಅಂತ ಈಗಲೂ ಕೇಳುವವರಿದ್ದಾರೆ. ಮಹದಾಯಿ ಹುಟ್ಟೋದು ನಮ್ಮ ಖಾನಾಪುರ ತಾಲ್ಲೂಕಿನಲ್ಲಿ. ಅದೇ ಹೊಳೆ ಗೋವಾಕ್ಕೆ ಇಳಿದು ಮಾಂಡವಿ ಆಗುತ್ತದೆ, ಪಣಜಿ ಹತ್ತಿರ ಚೊರಾವ್ ದ್ವೀಪವನ್ನು ಸುತ್ತಿಕೊಂಡು ಸಮುದ್ರ ಸೇರುತ್ತದೆ. ದ್ವೀಪದ ಪಶ್ಚಿಮ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮ, ಅದರ ತುಂಬ ಕಾಂಡ್ಲಾ. ಚೋರ್ಲಾ ಘಾಟ್ ಇಳಿದರೆ ಆಯ್ತು. ಊರಿನವರೆಲ್ಲ ಬೀಚಿಗೆ ಹೋಗುತ್ತಾರೆ, ನಾನು ರಿಬಂದರ್ ಫೆರಿ ಹತ್ತುತ್ತೇನೆ. ಮನೆಯಲ್ಲಿ ಇದನ್ನು ಇನ್ನೂ ಯಾರೂ ಪೂರ್ತಿ ನಂಬಿಲ್ಲ.

ಚಿತ್ರಗಳ ಡೌನ್‌ಲೋಡ್, ಮೋಡ ಇರುವ ಜಾಗ ತೆಗೆದುಹಾಕುವ ಮಾಸ್ಕ್, ಕ್ಯುಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಗಡಿ ಎಳೆಯೋದು, ಇದೆಲ್ಲ ಮಾಮೂಲಿ ಕೆಲಸ. 2022ರ ಜನವರಿ 25ರ ನಂತರದ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಪಿಕ್ಸೆಲ್ ಅಂಕಿಗಳಿಂದ 1000 ಕಳೆಯಬೇಕು, ಅದನ್ನೂ ಮಾಡಿದ್ದೆ. ದಟ್ಟ ಕಾಂಡ್ಲಾದಲ್ಲಿ ಎನ್‌ಡಿವಿಐ (ಹಸಿರು ಎಷ್ಟಿದೆ ಅಂತ ಹೇಳುವ ಸೂಚ್ಯಂಕ) ಒಂದು ಮಟ್ಟದ ಮೇಲೆ ಏರುವುದೇ ಇಲ್ಲ, ಹಾಗಾಗಿ ಜೊತೆಗೆ ರೆಡ್ ಎಡ್ಜ್, ಅಂದರೆ ಕೆಂಪು ಮತ್ತು ಇನ್‌ಫ್ರಾರೆಡ್ ನಡುವಿನ ಬೆಳಕಿನ ಸೂಚ್ಯಂಕವನ್ನೂ ಇಟ್ಟುಕೊಂಡಿದ್ದೆ. ಬ್ಯಾಂಡ್ 5, ಅಂದರೆ 705 ನ್ಯಾನೋಮೀಟರ್. ಎಲೆಯ ಹಸಿರು ಕಡಿಮೆಯಾದರೆ ಮೊದಲು ಸುಳಿವು ಕೊಡೋದು ಅದೇ.

ಗ್ರಾಫ್ ಮಾತ್ರ ಗರಗಸದ ಹಲ್ಲಿನ ಹಾಗೆ ಬರುತ್ತಿತ್ತು. ಗಿಡ ಐದು ದಿನದಲ್ಲಿ ಎಲೆ ಒಣಗಿಸಿಕೊಂಡು, ಇನ್ನೈದು ದಿನದಲ್ಲಿ ಹೊಸ ಎಲೆ ಬಿಡುವುದಿಲ್ಲ ಅಲ್ವಾ? ಮೊದಲು ಗುಮಾನಿ ಬಂದದ್ದು ಉಪಗ್ರಹದ ಮೇಲೆ. ಎರಡು ಉಪಗ್ರಹಗಳು ಸರದಿಯ ಮೇಲೆ ಬರುವುದರಿಂದಲೇ ತಾನೆ ಐದು ದಿನಕ್ಕೊಂದು ಚಿತ್ರ ಸಿಗೋದು? ಒಂದರ ಕ್ಯಾಮೆರಾ ಸ್ವಲ್ಪ ಬೇರೆ ಥರ ನೋಡುತ್ತಿದ್ದರೆ ಏರಿಳಿತ ಬರಬಹುದು. ಆದರೆ ಹಾಗಿದ್ದರೆ ಅದು ಒಂದು ಬಿಟ್ಟು ಒಂದು ಬರಬೇಕು. ಮೋಡ ಇಲ್ಲದ ಡಿಸೆಂಬರ್–ಮಾರ್ಚ್ ಚಿತ್ರಗಳನ್ನು ಮಾತ್ರ, ಅದೂ ಒಂದೇ ಕಕ್ಷೆಯವು, ಸಾಲಾಗಿ ಇಟ್ಟು ನೋಡಿದೆ. ಏರಿಳಿತ ಇದ್ದದ್ದು ಮೂರಕ್ಕೊಮ್ಮೆ. ಎರಡು ಉಪಗ್ರಹ ಸೇರಿ ಮೂರರ ಲೆಕ್ಕ ಹಾಕೋದು ಹೇಗೆ?

ಮೂರು ಚಿತ್ರ ಅಂದರೆ ಹದಿನೈದು ದಿನ. ಹದಿನೈದು ದಿನ ಅಂದರೆ ಒಂದು ಪಕ್ಷ! ಗೋಡೆಯ ಕ್ಯಾಲೆಂಡರ್ ಇಳಿಸಿ, ಚಿತ್ರದ ತಾರೀಕುಗಳ ಎದುರು ತಿಥಿ ಬರೆಯುತ್ತಾ ಹೋದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರದ ಚಿತ್ರಗಳಲ್ಲೆಲ್ಲ ಗಿಡಗಳಿಗೆ ಕಾಯಿಲೆ. ಅಷ್ಟಮಿ ಹತ್ತಿರದ ಚಿತ್ರಗಳಲ್ಲಿ ಠಣಾಠಣ್ ಆರೋಗ್ಯ.

ಕರಾವಳಿಯವರು ಈಗ ನಗುತ್ತಿರಬಹುದು. ನಾವು ಬಯಲುಸೀಮೆಯವರು, ನೀರು ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ ಅನ್ನೋದು ನಮಗೆ ಪುಸ್ತಕದ ಮಾತು. ವಿಷಯ ಇಷ್ಟೇ. ಸೆಂಟಿನೆಲ್-2 ಯಾವಾಗ ಬಂದರೂ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದರ ಆಸುಪಾಸಿಗೇ ಬರುತ್ತದೆ. ಸಮುದ್ರ ಹಾಗಲ್ಲ, ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹನ್ನೊಂದು ಗಂಟೆಯ ನೀರಿನ ಮಟ್ಟ ಒಂದು ಸುತ್ತು ಮುಗಿಸಲು 14.77 ದಿನ ಬೇಕು. ಗೋವಾ ಕಡೆ ಅಮಾವಾಸ್ಯೆ–ಹುಣ್ಣಿಮೆಗೆ ಉಬ್ಬರ ಬರೋದು ಹನ್ನೊಂದು–ಹನ್ನೆರಡರ ಹೊತ್ತಿಗೇ. ಅಂದರೆ ಉಪಗ್ರಹ ಸರಿಯಾಗಿ ದೊಡ್ಡ ಉಬ್ಬರದ ಹೊತ್ತಿಗೆ ಇಣುಕುತ್ತದೆ. ಅಷ್ಟಮಿಗೆ ಬಂದರೆ ಇಳಿತ, ಅದೂ ಸಣ್ಣ ಇಳಿತ. ದೊಡ್ಡ ಇಳಿತ, ಕೆಸರೆಲ್ಲ ಬಯಲಾಗುವ ಹೊತ್ತು, ಈ ಉಪಗ್ರಹದ ಕಣ್ಣಿಗೆ ಬೀಳುವುದೇ ಇಲ್ಲ.

ನೀರು ನಿಯರ್ ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ. ಎಲೆಗಳ ಸಂದಿಯಲ್ಲಿ ಕೆಸರಿನ ಬದಲು ನೀರು ಕಂಡರೆ 10 ಮೀಟರ್ ಪಿಕ್ಸೆಲ್‌ನಲ್ಲಿ ಆ ಬೆಳಕು ಅಳೆಯುವ ಬ್ಯಾಂಡ್ 8 ಬೀಳುತ್ತದೆ, ಅದರ ಹಿಂದೆ ಎನ್‌ಡಿವಿಐ. ಹಳೇ ದಟ್ಟ ಗಿಡಗಳಲ್ಲಿ ಇದು ಅಷ್ಟು ಕಾಣಲ್ಲ, ಮೇಲಿನ ಎಲೆ ಎಲ್ಲವನ್ನೂ ಮುಚ್ಚಿರುತ್ತದೆ. ಅಂಚಿನ ಎಳೆ ಗಿಡ, ವಿರಳ ಅವಿಸೆನ್ನಿಯಾ (ಕಾಂಡ್ಲಾದ ಒಂದು ಬಗೆ) ಇರುವ ಕಡೆ ಮಾತ್ರ ಕಾಯಿಲೆ ಕಾಣುತ್ತಿದ್ದದ್ದು ಅದಕ್ಕೇ. ನಾನು "ಹೊಸ ಗಿಡಗಳಿಗೆ ಉಪ್ಪು ಜಾಸ್ತಿ ಆಗಿದೆ" ಅಂತ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಲು ಹೊರಟಿದ್ದೆ. ಅವಿಸೆನ್ನಿಯಾ ಎಲೆಯಿಂದಲೇ ಉಪ್ಪು ಹೊರಹಾಕುವ ಗಿಡ, ಕಥೆಗೆ ಚೆನ್ನಾಗಿ ಹೊಂದುತ್ತಿತ್ತು ಬೇರೆ.

ಒಂದು ಮಜಾ ಗಮನಿಸಿ. 15 ಮತ್ತು 14.77 ಒಂದೇ ಅಲ್ಲ. ಕಾಲು ದಿನದಷ್ಟು ವ್ಯತ್ಯಾಸ ಪ್ರತಿ ಪಕ್ಷವೂ ಸೇರುತ್ತಾ ಹೋಗುತ್ತದೆ. ಚಿತ್ರಗಳನ್ನು ಮೂರು ಬಣ್ಣದ ಮೂರು ಗುಂಪು ಮಾಡಿದರೆ ಒಂದೊಂದು ಗುಂಪೂ ನಿಧಾನಕ್ಕೆ ಜಾರಿ, ಎರಡೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಒಂದು ಸುತ್ತು ಬರುತ್ತದೆ. ಹಾಗಾಗಿ "ಮೂರರಲ್ಲಿ ಒಂದು ಚಿತ್ರ ತಗೊಂಡರೆ ಸಾಕು" ಅನ್ನೋ ಸುಲಭದ ದಾರಿ ಒಂದು ಸೀಸನ್ನಿಗೆ ನಡೆಯುತ್ತದೆ, ವರ್ಷಗಳನ್ನು ಹೋಲಿಸಲು ನಡೆಯಲ್ಲ. ತಿಥಿ ನೋಡಿಯೇ ಆರಿಸಬೇಕು. ಈಗ ಸಪ್ತಮಿಯಿಂದ ದಶಮಿವರೆಗಿನ ಚಿತ್ರಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಗರಗಸ ಹೋಗಿ ಗೆರೆ ಬಂದಿದೆ!

ಎಲೆಯ ಬೆಳಕನ್ನು ಹತ್ತಿರದಿಂದಲೇ ಸೆನ್ಸರ್‌ನಲ್ಲಿ ಅಳೆಯುವ ಕೆಲಸ ಮಾತ್ರ ನಿಂತಿದೆ, ಅದಕ್ಕೆ ಕಾರಣ ಅಂಗಡಿಯವರು. ನಾನು ಆರ್ಡರ್ ಮಾಡಿದ್ದು ಎಎಸ್7263 ಸೆನ್ಸರ್, 610ರಿಂದ 860 ನ್ಯಾನೋಮೀಟರ್‌ವರೆಗೆ ಆರು ಚಾನೆಲ್. ಬಂದದ್ದು ಎಎಸ್7262. ಬೋರ್ಡ್ ಒಂದೇ ಥರ, ಕೋಡ್ ಅದನ್ನು ಗುರುತಿಸುವ ಐ2ಸಿ ವಿಳಾಸವೂ ಅದೇ, ಕೋಡ್ ಮುಲಾಜಿಲ್ಲದೆ ಓಡುತ್ತದೆ. ಆದರೆ ಅದು ನೋಡೋದು 450ರಿಂದ 650 ಮಾತ್ರ, ಇನ್‌ಫ್ರಾರೆಡ್ ಸೊನ್ನೆ. ಫೋನ್ ಮಾಡಿದರೆ "ಎರಡೂ ಸೇಮ್ ಅದಾವ್ರಿ ಸರ, ಒಂದ ನಂಬರ್ ಫರಕ್" ಅಂದರು. ಆ ಒಂದು ನಂಬರಿಗೇ ಅಲ್ವೇನ್ರಿ ನಾನು ದುಡ್ಡು ಕೊಟ್ಟದ್ದು!

ಈ ಸಿಟ್ಟಿನಲ್ಲೇ ಮುಂದಿನ ಪ್ರಾಜೆಕ್ಟ್ ಹೊಳೆಯಿತು. ಹಿಡಕಲ್ ಡ್ಯಾಮ್ ಹಿನ್ನೀರಿನಲ್ಲಿ ಮುಳುಗುವ ಹುನ್ನೂರಿನ ವಿಠ್ಠಲ ಗುಡಿ ಬೇಸಿಗೆಯಲ್ಲಿ ಮೇಲೇಳುತ್ತದಲ್ಲ, ಅದರ ಸುತ್ತಲಿನ ನೀರಿನ ಅಂಚನ್ನು ಸೆಂಟಿನೆಲ್-1 ರಾಡಾರ್‌ನಲ್ಲಿ ಹಿಂಬಾಲಿಸಬೇಕು. ಮೋಡದ ಕಾಟ ಇಲ್ಲ. ನಿಂತ ನೀರು ರಾಡಾರ್‌ನಲ್ಲಿ ಕಪ್ಪಗೆ ಕಾಣುತ್ತದೆ. ಮುಖ್ಯವಾಗಿ, ಘಟಪ್ರಭೆಗೆ ಉಬ್ಬರ–ಇಳಿತ ಇಲ್ಲ. ಮಳೆಗಾಲದಲ್ಲಿ ಚೊರಾವ್ ಮೇಲೆ ಹೇಗೂ ಬರೀ ಮೋಡ, ಆಗ ಇದನ್ನು ಶುರು ಮಾಡಬಹುದು.

ಕಾಂಡ್ಲಾದಲ್ಲಿ ಇನ್ನೊಂದು ಗಂಟು ಉಳಿದಿದೆ. ಗೋವಾದಲ್ಲಿ ದಿನದ ಎರಡು ಉಬ್ಬರ ಸಮ ಅಲ್ಲ, ಒಂದು ದೊಡ್ಡದು, ಒಂದು ಸಣ್ಣದು. ಬೆಳಗಿನ ಪಾಳಿಗೆ ಯಾವುದು ಬರುತ್ತದೆ ಅನ್ನೋದು ವರ್ಷದುದ್ದಕ್ಕೂ ನಿಧಾನಕ್ಕೆ ಬದಲಾಗುತ್ತದೆ. ಹಾಗಾಗಿ ಅಷ್ಟಮಿ ಚಿತ್ರಗಳನ್ನೇ ಇಟ್ಟರೂ ನವೆಂಬರ್‌ನಿಂದ ಮೇವರೆಗಿನ ಗೆರೆಯಲ್ಲಿ ನೀರಿನದೇ ಒಂದು ಇಳಿಜಾರು ಸೇರಿರುತ್ತದೆ. ಅದು ಬೇಸಿಗೆಗೆ ಎಲೆ ಬಾಡಿದ ಹಾಗೇ ಕಾಣಬಹುದು. ತಿಥಿ ಇಲ್ಲಿ ಕೈಕೊಡುತ್ತದೆ. ಪೈಟಿಎಂಡಿ ಅನ್ನೋ ಉಬ್ಬರ–ಇಳಿತದ ಪ್ರೋಗ್ರಾಂನಲ್ಲಿ ಪ್ರತಿ ಚಿತ್ರದ ಕ್ಷಣಕ್ಕೆ ನೀರಿನ ಮಟ್ಟ ಲೆಕ್ಕ ಹಾಕಿ, ಪಿಕ್ಸೆಲ್ ಪಿಕ್ಸೆಲ್‌ಗೂ ಅದರ ಪಾಲು ಕಳೆಯಬೇಕು. ಮುರ್ಮಗಾಂವ್ ಬಂದರಿನ ಉಬ್ಬರ ಹೊಳೆಯೊಳಗೆ ಚೊರಾವ್ ಮುಟ್ಟಲು ಸ್ವಲ್ಪ ತಡ ಬೇರೆ. ಕಾಳಿ ಅಥವಾ ಅಘನಾಶಿನಿ ಅಳಿವೆಯಲ್ಲಿ ಆ ತಡವನ್ನು ಯಾರಾದರೂ ಅಳೆದಿದ್ದರೆ ಹೇಗೆ ಅಳೆದಿರಿ ಹೇಳಿ. ಸುಮ್ನೆ ಒಂದು ಕೋಲು ನೆಟ್ಟು ಗಂಟೆಗಟ್ಟಲೆ ಕೂರುವುದಾದರೆ ಅದಕ್ಕೂ ತಯಾರಿದ್ದೇನೆ, ಫೆರಿ ಹತ್ತಿರ ಚಹಾ ಸಿಗುತ್ತದೆ.