ಪರೀಕ್ಷೆಗೆ ಬಾರದ ಜಾಗಗಳು

ರಾಯಚೂರಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮೊದಲ ವರ್ಷ ಅಂದರೆ ಶವ ಕೆಡದಂತೆ ಇಡುವ ಫಾರ್ಮಲಿನ್ ಘಾಟಿಗೆ ಉರಿಯುವ ಕಣ್ಣು, 206 ಎಲುಬು, ವೈವಾದ (ಮೌಖಿಕ ಪರೀಕ್ಷೆಯ) ಮೇಜು. ಎಲುಬು ಕೈಗೆ ಕೊಟ್ಟು ಎಡದ್ದೋ ಬಲದ್ದೋ ಎಂದು ಕೇಳುತ್ತಿದ್ದರು. ಹೆಚ್ಚು ಜನ ತಡವರಿಸುತ್ತಿದ್ದದ್ದು ಕ್ಲಾವಿಕಲ್, ಅಂದರೆ ಕೊರಳೆಲುಬು, ಬಂದಾಗ. ಚಪ್ಪಟೆ ತುದಿ ಭುಜಕ್ಕೆ, ದಪ್ಪ ತುದಿ ಎದೆಗೆ ಅನ್ನುವುದು ಎಲ್ಲರಿಗೂ ಬರುತ್ತದೆ. ಮೇಲ್ಮೈ ಕೆಳಮೈ ಅದಲುಬದಲಾದರೆ ಉತ್ತರವೇ ತಿರುಗಿಬಿಡುತ್ತದೆ. ಕೆಳಮೈಯಲ್ಲಿ ಸಬ್‌ಕ್ಲೇವಿಯಸ್ ಸ್ನಾಯು ಕೂರುವ ಉದ್ದನೆಯ ತಗ್ಗಿದೆ. ಅದನ್ನು ಮೊದಲು ಬೆರಳಲ್ಲಿ ಹುಡುಕಿ.

ಸ್ನಾಯುವಿಗೆ ಒರಿಜಿನ್ (ಹುಟ್ಟುವ ಜಾಗ), ಇನ್ಸರ್ಷನ್ (ಹೋಗಿ ಅಂಟುವ ಜಾಗ), ನರ, ಕೆಲಸ ಎಂದು ನಾಲ್ಕು ಬರೆದರೆ ನಮ್ಮ ಮೇಡಂ ಒಪ್ಪುತ್ತಿರಲಿಲ್ಲ. ಅದು ಸೋತರೆ ರೋಗಿಯಲ್ಲಿ ಏನು ಕಾಣುತ್ತದೆ ಎಂಬ ಐದನೆಯ ಸಾಲು ಬೇಕೇ ಬೇಕು. ಒಪಿಡಿಯಲ್ಲಿ (ಹೊರರೋಗಿಗಳ ವಿಭಾಗದಲ್ಲಿ) ಕೈ ಹಿಡಿಯುವುದು ಆ ಐದನೆಯ ಸಾಲೇ. ಅದರಲ್ಲೂ ನಮ್ಮ ಸೀಮೆಯ ರೋಗಿಗಳಿಗೆ, ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟ ಜಾಗಗಳೇ ಮುಖ್ಯವಾಗುತ್ತವೆ.

ಮೊಣಕಾಲಿನ ಕೆಳಗೆ ಹೊರಬದಿಗಿರುವ ತೆಳು ಎಲುಬಾದ ಫಿಬುಲಾದ ಕೊರಳನ್ನೇ ನೋಡಿ. ಮೊಣಕಾಲಿನ ಹೊರಬದಿಯಲ್ಲಿ, ಕೀಲಿಗಿಂತ ತುಸು ಕೆಳಗೆ, ಗುಂಡಗೆ ಸಿಗುವುದು ಫಿಬುಲಾದ ತಲೆ. ಅದರ ಕೆಳಗಿನ ಕೊರಳನ್ನು ಸುತ್ತಿಕೊಂಡು, ಪಾದ ಮೇಲೆತ್ತಿಸುವ ಕಾಮನ್ ಪೆರೋನಿಯಲ್ ನರ ಮುಂದಕ್ಕೆ ಬರುತ್ತದೆ. ಮೊಣಕಾಲು ಸಡಿಲವಾಗಿ ಮಡಿಸಿ ಬೆರಳನ್ನು ಅಡ್ಡ ಉರುಳಿಸಿದರೆ ಹುರಿಯ ಹಾಗೆ ಸಿಗುತ್ತದೆ. ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ತಾಸುಗಟ್ಟಲೆ ಕಸ ತೆಗೆಯುವವರಿಗೆ ಒತ್ತಡ ಬೀಳುವುದು ಇಲ್ಲೇ. “ಪಾದ ಎತ್ತಾಕ ಬರವಲ್ದ್ರಿ, ಚಪ್ಪಲಿ ಜಾರತೈತಿ” ಅನ್ನುತ್ತಾ ಬರುತ್ತಾರೆ. ಸೊಂಟದಲ್ಲಿ ಎಲ್5 (ಸೊಂಟದ ಭಾಗದ ಐದನೆಯ) ನರಬೇರಿನ ಮೇಲೆ ಒತ್ತಡ ಬಿದ್ದರೂ ಪಾದ ಹೀಗೇ ಬೀಳುತ್ತದೆ. ವ್ಯತ್ಯಾಸ ತಿಳಿಯಲು ಪಾದವನ್ನು ಒಳಕ್ಕೆ ತಿರುಗಿಸಲು ಹೇಳಿ. ಒಳಕ್ಕೆ ಎಳೆಯುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿಗೆ ಬರುವುದು ಬೇರೆ ನರ, ಟಿಬಿಯಲ್ ನರ. ಹಾಗಾಗಿ ಪೆರೋನಿಯಲ್ ನರ ಮಾತ್ರ ಕೆಟ್ಟಿದ್ದರೆ ಆ ಬಲ ಉಳಿದಿರುತ್ತದೆ. ಎಲ್5 ಬೇರಿನ ತೊಂದರೆಯಾದರೆ ಅದೂ ಕುಗ್ಗುತ್ತದೆ, ಮಗ್ಗುಲಾಗಿ ಮಲಗಿ ಕಾಲು ಮೇಲೆತ್ತುವ ಪೃಷ್ಠದ ಸ್ನಾಯು ಗ್ಲೂಟಿಯಸ್ ಮೀಡಿಯಸ್ ಕೂಡ ಸೋಲುತ್ತದೆ. ಒಂದು ಎಚ್ಚರ: ಪಾದ ಜೋತುಬಿದ್ದಿರುವಾಗಲೇ ಪರೀಕ್ಷಿಸಿದರೆ ಇರುವ ಬಲವೂ ಕಡಿಮೆ ಕಾಣುತ್ತದೆ. ಪಾದವನ್ನು ನಿಮ್ಮ ಕೈಯಿಂದ 90 ಡಿಗ್ರಿಗೆ ತಂದು ಹಿಡಿದುಕೊಳ್ಳಿ.

ಮುಂಗೈಯ ಎರಡು ಎಲುಬುಗಳ ನಡುವಿನ ಇಂಟರ್‌ಆಸಿಯಸ್ ಪೊರೆಯನ್ನೂ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಈ ಪೊರೆಗೆ, ಬೆನ್ನುಹುರಿಯ ಸುತ್ತಲಿನ ಲಿಗಮೆಂಟುಗಳಿಗೆ ಸುಣ್ಣ ಕಟ್ಟುತ್ತದೆ. ಆಗ ಅಂಗೈ ಮೇಲೆ ಕೆಳಗೆ ಮಾಡುವುದು ಕಷ್ಟ. ಅಳೆಯುವಾಗ ಮೊಣಕೈಯನ್ನು 90 ಡಿಗ್ರಿ ಮಡಿಸಿ ಪಕ್ಕೆಗೆ ಒತ್ತಿ ಹಿಡಿಸಬೇಕು, ಇಲ್ಲವಾದರೆ ಭುಜ ತಿರುಗಿ ಕೊರತೆಯನ್ನು ಮುಚ್ಚಿಹಾಕುತ್ತದೆ. ಎಕ್ಸ್‌ರೇಯಲ್ಲಿ ಇಂಥ ಎಲುಬು ದಟ್ಟವಾಗಿ ಬೆಳ್ಳಗೆ ಕಂಡರೂ ಸುಲಭವಾಗಿ ಮುರಿಯಬಲ್ಲದು. ಬಿಗಿದ ಬೆನ್ನನ್ನು ಜೋರಿನಿಂದ ಸಡಿಲಿಸಲು ಹೋಗಬೇಡಿ.

ಫಿಸಿಯಾಲಜಿಯಲ್ಲಿ ನಾನು ಎರಡನೇ ಸಲ ಓದಿ ಎನ್ನುವುದು ಮೈಬಿಸಿಯ ನಿಯಂತ್ರಣದ ಅಧ್ಯಾಯ. ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ, ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದವರ ನಾಡಿ ಹಿಡಿದು ವ್ಯಾಯಾಮ ನಿಗದಿ ಮಾಡಿದರೆ ಲೆಕ್ಕ ತಪ್ಪುತ್ತದೆ. ನೆರಳಲ್ಲಿ ಕೂರಿಸಿ, ನೀರು ಕೊಡಿ, ಕನಿಷ್ಠ 5 ನಿಮಿಷ ಬಿಟ್ಟು ನಾಡಿ, ಬಿಪಿ ನೋಡಿ. ತೋಳು ಹೃದಯದ ಮಟ್ಟಕ್ಕೆ ಇರಲಿ. ದಪ್ಪ ತೋಳಿಗೆ ಬಿಪಿ ಉಪಕರಣದ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇದ್ದುದಕ್ಕಿಂತ ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ಹಿತವಾಗಿದ್ದ ವ್ಯಾಯಾಮವನ್ನು ಮೇ ತಿಂಗಳ ಮಧ್ಯಾಹ್ನಕ್ಕೆ ಹಾಗೇ ಬರೆದುಕೊಡಬೇಡಿ. ಹೊತ್ತು ಬದಲಿಸಿ, ಇಲ್ಲವೇ ಕಡಿಮೆ ಮಾಡಿ.