ವಿಜಯಪುರದ ಹುಡುಗರು ಗೆಲ್ಲುತ್ತಾರೆ, ನಮ್ಮ ಮಕ್ಕಳು ಎಲ್ಲಿ?

ಕಾರವಾರದ ಪ್ರೌಢಶಾಲೆಯೊಂದರಲ್ಲಿ ನಾನು ಮಾಸ್ತರ. ಶಾಲೆಗೆ ಹೋಗುವುದೂ ಬರುವುದೂ ಸೈಕಲ್ ಮೇಲೆಯೇ. ಹಾಗಾಗಿ ಚಹಾ ಅಂಗಡಿಯಲ್ಲಿ, ಪೇಟೆಯಲ್ಲಿ, ಪಾಲಕರ ಸಭೆಯಲ್ಲಿ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ: "ಮಾಸ್ತರೇ, ವಿಜಯಪುರ, ಬಾಗಲಕೋಟೆಯ ಹುಡುಗರು ಸೈಕ್ಲಿಂಗ್‌ನಲ್ಲಿ ಪದಕ ತರುತ್ತಾರಲ್ಲ, ನಮ್ಮ ಜಿಲ್ಲೆಯವರ ಹೆಸರು ಯಾಕೆ ಅಷ್ಟಾಗಿ ಕೇಳಿಬರುವುದಿಲ್ಲ?" ಕೇಳಿದವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಮಳೆ ಜಾಸ್ತಿ, ಊರು ದಾಟಿದರೆ ಘಟ್ಟ, ಮೇಲಾಗಿ ಸೈಕಲ್ ಓಟಕ್ಕೆಂದೇ ಕಟ್ಟಿದ ಟ್ರ್ಯಾಕ್, ಅಂದರೆ ವೆಲೊಡ್ರೋಮ್ ಇಲ್ಲ. ಈ ಮೂರೂ ನಿಜವಾದ ಕಾರಣಗಳಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಮಳೆ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅಂಡಮಾನಿನ ಪೋರ್ಟ್ ಬ್ಲೇರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. (2024ರಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಸೈಕಲ್ಲಿಗೂ ಆ ಹೆಸರಿಗೂ ಏನೋ ನಂಟಿರಬೇಕು.) ಅಲ್ಲೂ ಉಪ್ಪುಗಾಳಿ, ಅಲ್ಲೂ ಏರಿಳಿತದ ರಸ್ತೆ, ದೇಶದ ಬೇರಾವ ಊರಿನ ಸ್ಪರ್ಧೆಗೆ ಹೊರಟರೂ ಸಮುದ್ರ ದಾಟಿಯೇ ಹೋಗಬೇಕು. ಆ ದ್ವೀಪಗಳ ಎಸೋ ಆಲ್ಬೆನ್ 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಜೂನಿಯರ್ ವಿಶ್ವ ಟ್ರ್ಯಾಕ್ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ, ಕೀರಿನ್ ಎಂಬ ವೇಗದ ಓಟದಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಜರ್ಮನಿಯಲ್ಲಿ ಭಾರತದ ಜೂನಿಯರ್ ತಂಡ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನ ಗೆದ್ದಾಗ ಆ ತಂಡದಲ್ಲೂ ಅವರಿದ್ದರು. 2004ರ ಸುನಾಮಿಯಲ್ಲಿ ಬದುಕುಳಿದು ಮುಂದೆ ದೇಶದ ಅತಿ ವೇಗದ ಸೈಕಲ್ ಸವಾರರಲ್ಲಿ ಒಬ್ಬರಾದ ಡೆಬೋರಾ ಹೆರಾಲ್ಡ್ ಕೂಡ ಅಂಡಮಾನ್ ನಿಕೋಬಾರ್ ದ್ವೀಪಗಳವರೇ. ಮಳೆಯೇ ಅಡ್ಡಿಯಾಗುವುದಾಗಿದ್ದರೆ ಇವರಿಬ್ಬರೂ ಪೆಡಲ್ ಮೇಲೆ ಕಾಲಿಡುತ್ತಿರಲಿಲ್ಲ.

ಮಳೆ ಕೆಡಿಸುವುದು ಸೈಕಲ್ಲನ್ನು, ಸವಾರನನ್ನಲ್ಲ. ಜುಲೈ ತಿಂಗಳಲ್ಲಿ ಎರಡು ದಿನ ಒರೆಸದೆ ಬಿಟ್ಟ ಚೈನಿನ ಮೇಲೆ ಬೆರಳಾಡಿಸಿ ನೋಡಿ, ಕೆಂಪು ಮಣ್ಣಿನಂತೆ ತುಕ್ಕು ಅಂಟಿಕೊಳ್ಳುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರು ಹೊಯ್ದು ಉಪ್ಪನ್ನೂ ಮರಳನ್ನೂ ತೊಳೆಯಬೇಕು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಬೇಕು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಡಬೇಕು. ಬ್ರೇಕಿನ ರಬ್ಬರಿನಲ್ಲಿ ಸಿಕ್ಕ ಮರಳಿನ ಹರಳನ್ನು ಸೂಜಿಯಿಂದ ತೆಗೆಯಬೇಕು, ಇಲ್ಲದಿದ್ದರೆ ಅದು ರಿಮ್ಮನ್ನೇ ಅರೆಯುತ್ತದೆ. ಹತ್ತು ನಿಮಿಷದ ಕೆಲಸ. ನನ್ನ ತರಗತಿಯ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದ್ದಷ್ಟೇ, ಎರಡನೆಯ ಸಲ ಅವರೇ ಮಾಡಿದರು.

ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು ಆರು ನೂರು ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲ ತಡಿಯಲ್ಲಿ; ನಡುವೆ ದೇವಿಮನೆ ಘಟ್ಟ. ದೊಡ್ಡ ಸ್ಪರ್ಧೆಗಳ ಸವಾರರು ಇಂಥ ಏರನ್ನು ಹುಡುಕಿಕೊಂಡು ಹೋಗಿ ತಿಂಗಳುಗಟ್ಟಲೆ ಅಲ್ಲಿ ತರಬೇತಿ ಮಾಡುತ್ತಾರೆ. ನಮಗದು ಮನೆ ಬಾಗಿಲಲ್ಲೇ ಇದೆ.

ಇನ್ನು ವೆಲೊಡ್ರೋಮ್. ಅಂತರರಾಷ್ಟ್ರೀಯ ಸ್ಪರ್ಧೆಗಳ ಟ್ರ್ಯಾಕ್ ಎಂದರೆ 250 ಮೀಟರ್ ಸುತ್ತಳತೆಯ ಬಟ್ಟಲಿನಂಥ ರಚನೆ, ತಿರುವುಗಳಲ್ಲಿ ನಲವತ್ತು ಡಿಗ್ರಿಗೂ ಮೀರಿ ವಾಲಿರುತ್ತದೆ. ಅಲ್ಲಿ ಓಡುವ ಸೈಕಲ್ಲಿಗೆ ಬ್ರೇಕೂ ಇಲ್ಲ, ಗೇರ್ ಬದಲಾವಣೆಯೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಅದು ಪಳಗಿದವರ ಜಾಗ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆಯಿತು, ಆದರೆ ಅಲ್ಲಿನ ಮಕ್ಕಳು ಅದಕ್ಕಾಗಿ ಕಾಯುತ್ತಾ ಕೂರಲಿಲ್ಲ. ಅದು ಬರುವ ಮೊದಲೇ ರಸ್ತೆಯ ಮೇಲೆ ತಯಾರಾಗಿ ರಾಷ್ಟ್ರೀಯ ಪದಕ ತಂದರು.

ಹಾಗಾದರೆ ಅಲ್ಲಿ ಇದ್ದದ್ದಾದರೂ ಏನು? ನೇರವಾದ ಒಣ ರಸ್ತೆಗಳು ಇವೆ, ನಿಜ. ಅದಕ್ಕಿಂತ ದೊಡ್ಡದು ಜಾತ್ರೆ. ಆ ಭಾಗದ ಊರ ಜಾತ್ರೆಯಲ್ಲಿ ಎತ್ತಿನ ಬಂಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ರೈತರ ಮನೆಯ ಹುಡುಗ ಮನೆಯ ಸೈಕಲ್ಲನ್ನೇ ಹಿಡಿದು, ತನ್ನ ಊರಿನವರು ಎರಡೂ ಬದಿಗೆ ನಿಂತು ಕೂಗುತ್ತಿರುವಾಗ ಮೊದಲ ಸಲ ಓಡುತ್ತಾನೆ. ಗೆದ್ದರೆ ಯಾರದೋ ಕಣ್ಣಿಗೆ ಬೀಳುತ್ತಾನೆ. ಮುಂದೆ ವಿಜಯಪುರದ ಕ್ರೀಡಾ ನಿಲಯವೋ ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯೋ ಅವನನ್ನು ಸೇರಿಸಿಕೊಳ್ಳುತ್ತದೆ. ಮನೆ, ಜಾತ್ರೆ, ನಿಲಯ ಎಂಬ ಮೂರು ಮೆಟ್ಟಿಲು ಅಲ್ಲಿ ಕಣ್ಣಿಗೆ ಕಾಣುವಂತಿವೆ.

ನಮ್ಮಲ್ಲಿ ಕ್ರೀಡೆಯ ಹುಚ್ಚಿಗೆ ಬರವೇನಿಲ್ಲ. ಗದ್ದೆ ಕೊಯ್ಲಾದ ಮೇಲೆ ಕಾರವಾರದಿಂದ ಭಟ್ಕಳದವರೆಗೆ ಊರೂರಿನಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿ ನಡೆಯುತ್ತವೆ. ಶಾಮಿಯಾನ, ಧ್ವನಿವರ್ಧಕ, ಟ್ರೋಫಿ, ಊರ ದಾನಿಗಳು, ಎಲ್ಲವೂ ಸಿದ್ಧ. ಇವುಗಳಲ್ಲಿ ಒಂದೊಂದು ಊರಿನವರು ಪಂದ್ಯದ ದಿನ ಬೆಳಿಗ್ಗೆ ಐದು ಕಿಲೋಮೀಟರಿನ ಸೈಕಲ್ ಶರ್ಯತ್ತು ಇಟ್ಟರೂ ಸಾಕು, ಒಂದು ಬೇಸಿಗೆಯಲ್ಲಿ ನೂರಾರು ಮಕ್ಕಳು ಓಡಿರುತ್ತಾರೆ. ಕಡಲ ತೀರದಲ್ಲಿ ಪ್ರವಾಸಿಗರಿಗೆ ಬಾಡಿಗೆ ಸೈಕಲ್ ಇಡಬೇಕು, ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಶುರುವಾಗಲಿಲ್ಲವೇ ಎನ್ನುವವರಿದ್ದಾರೆ. ಇಡಲಿ, ಬೇಡ ಎನ್ನುವುದಿಲ್ಲ. ಆದರೆ ನನ್ನ ಚಿಂತೆ ದಿನವೂ ಸೈಕಲ್ ತುಳಿಯುವ ಮಕ್ಕಳದ್ದು, ಯಾಕೆಂದರೆ ನಾಳಿನ ಸವಾರ ಹೊರಡಬೇಕಾದದ್ದು ಅವರ ನಡುವಿನಿಂದಲೇ. ಆ ಮಕ್ಕಳೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಶಾಲೆಯ ಸೈಕಲ್ ಸಾಲು ನನ್ನ ಕಣ್ಣೆದುರೇ ಕುಗ್ಗಿದೆ.

ಕಾರಣವನ್ನು ಕಾಳಿ ನದಿಯ ಸೇತುವೆಯ ಮೇಲೆ ನಿಂತು ನೋಡಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿಯಿತು. ಅದುವರೆಗೆ ಎರಡು ಸೇತುವೆಗಳಿಗೆ ಹಂಚಿಹೋಗಿದ್ದ ಗೋವಾ ಹೆದ್ದಾರಿಯ ಸಂಚಾರವೆಲ್ಲ ಅಂದಿನಿಂದ ಉಳಿದ ಒಂದರ ಮೇಲೆ ಬಿತ್ತು. ಸದಾಶಿವಗಡದ ಕಡೆಯಿಂದ ನಮ್ಮ ಶಾಲೆಗೆ ಬರುವ ಎಂಟನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅವಳದು ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ್ದ ಸೈಕಲ್. 2006–07ರಲ್ಲಿ ಶುರುವಾದ ಆ ಉಚಿತ ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತುಹೋದದ್ದರಿಂದ ಇವಳಿಗೆ ಹೊಸದು ಸಿಗಲಿಲ್ಲ. ಸೇತುವೆಯ ಬಾಯಿಗೆ ಬಂದ ಕೂಡಲೇ ಅವಳು ಇಳಿಯುತ್ತಾಳೆ. ಚೀಲದ ಮೇಲೆ ಹೊದ್ದ ರೇನ್‌ಕೋಟ್ ಗಾಳಿಗೆ ಬಡಿದುಕೊಳ್ಳುತ್ತಿರುತ್ತದೆ, ಅವಳು ಕಟಾಂಜನಕ್ಕೆ ಭುಜ ತಾಗಿಸಿಕೊಂಡು ಸೈಕಲ್ ನೂಕುತ್ತಾಳೆ. ಹಿಂದಿನಿಂದ ಲಾರಿ ಬಂದರೆ ನಿಂತು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚುತ್ತಾಳೆ. ಅದನ್ನು ನಾನು ಪಕ್ಕದಲ್ಲೇ ನಡೆಯುತ್ತಾ ಕಂಡಿದ್ದೇನೆ. ಕಣ್ಣು ಯಾಕೆ ಮುಚ್ಚುತ್ತೀ ಎಂದು ಕೇಳಿದರೆ, "ಕೆಸರು ಹಾರುತ್ತದೆ ಸರ್" ಎಂದಳು.

ಹೊಸ ಸೇತುವೆ ಕಟ್ಟುವಾಗ ಅದರಲ್ಲಿ ಸೈಕಲ್ಲಿಗೆ ಒಂದೂವರೆ ಎರಡು ಮೀಟರ್ ಅಗಲದ ಪ್ರತ್ಯೇಕ ಪಟ್ಟಿ ಬೇಕು. ಬಣ್ಣ ಬಳಿದ ಗೆರೆಯಲ್ಲ, ಎತ್ತರದ ಅಂಚುಗಲ್ಲು ಇರುವಂಥದ್ದು. ಕ್ರೀಡಾ ಸೌಲಭ್ಯ ಏನು ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಬರೆಸುವುದು ಇದನ್ನೇ. ಎರಡನೆಯದು ಪ್ರತಿ ಶಾಲೆಯಲ್ಲೂ ತಗಡಿನ ಮಾಡು ಇರುವ ಸೈಕಲ್ ನಿಲ್ದಾಣ. ಮಳೆಯಲ್ಲಿ ದಿನವಿಡೀ ನೆನೆಯುವ ಸೈಕಲ್ ಎರಡೇ ವರ್ಷಕ್ಕೆ ಗುಜರಿ ಸೇರುತ್ತದೆ. ಮೂರನೆಯದು ತರಬೇತುದಾರ, ತಾಲ್ಲೂಕಿಗೊಬ್ಬರಲ್ಲದಿದ್ದರೂ ಜಿಲ್ಲೆಗೊಬ್ಬರು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಅಥ್ಲೆಟಿಕ್ಸ್‌ಗೆ ಆರಿಸಿ ತರಬೇತಿ ಕೊಟ್ಟಿತ್ತು, ಅವರು ಪದಕಗಳನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಹುಡುಕಿದರೆ ಪ್ರತಿಭೆ ಇಲ್ಲಿ ಸಿಗುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ.

ಕಳೆದ ದೀಪಾವಳಿಯಿಂದ ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ಕೆಲವರು ಕೋಡಿಬಾಗದ ಕಡೆಯ ಒಳರಸ್ತೆಯೊಂದರಲ್ಲಿ ಸೇರುತ್ತೇವೆ. ಎರಡು ಕಿಲೋಮೀಟರ್ ಅಳೆದು ಸುಣ್ಣದ ಗುರುತು ಹಾಕಿದ್ದೇವೆ, ಹೋಗಿ ಬಂದರೆ ನಾಲ್ಕು. ಮಕ್ಕಳನ್ನು ನಿಮಿಷಕ್ಕೊಬ್ಬರಂತೆ ಬಿಟ್ಟು ವೇಳೆ ಬರೆದುಕೊಳ್ಳುತ್ತೇವೆ. ಆ ಹುಡುಗಿ ಮೊದಲ ದಿನ 10 ನಿಮಿಷ 40 ಸೆಕೆಂಡಿನಲ್ಲಿ ಬಂದಳು. ಮೂರು ತಿಂಗಳಲ್ಲಿ ಅದು 9 ನಿಮಿಷ 50 ಸೆಕೆಂಡಿಗೆ ಇಳಿಯಿತು, ಅದೇ ಅಕ್ಕನ ಸೈಕಲ್ಲಿನಲ್ಲಿ, ಕ್ಯಾರಿಯರ್ ಸಮೇತ. ನಾನು ಮಾಡಿದ್ದು ಸೀಟನ್ನು ಎರಡು ಬೆರಳು ಎತ್ತರಿಸಿದ್ದು ಮಾತ್ರ.

ಭಾನುವಾರ ಅವಳು ಸೇತುವೆಯ ಮೇಲೆ ಇಳಿಯುವುದಿಲ್ಲ. ಅವಳ ಅಪ್ಪ ಬೈಕಿನ ದೀಪ ಹಾಕಿಕೊಂಡು, ಹಿಂದಿನ ವಾಹನಗಳನ್ನು ತಡೆದು, ಅವಳ ಬೆನ್ನಿಗೇ ನಿಧಾನವಾಗಿ ಬರುತ್ತಾರೆ. ಉಳಿದ ಆರು ದಿನ ಅವರು ಬೆಳಿಗ್ಗೆ ಏಳೂವರೆಗೇ ಕೆಲಸಕ್ಕೆ ಹಾಜರಾಗಬೇಕು.